ನಂಬರು ಹಂಚುವ ಲೆಕ್ಕ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಇಂದಿನ ಭಾಷಣದ ವಿಷಯವನ್ನು ಹಲಗೆಯ ಮೇಲೆ ಬರೆದಂದಿನಿಂದ ನಮ್ಮನ್ನು ಹಲವರು ಕೇಳಿದ್ದಾರೆ: ಪತ್ರಿಕೆ ಓದಲು ಬರುವ ಜಾಗದಲ್ಲಿ ಕಂಪ್ಯೂಟರ್ ಜಾಲದ ನಂಬರುಗಳ ಪುರಾಣ ಏತಕ್ಕೆ, ಅದಕ್ಕೆ ಎಂಜಿನಿಯರುಗಳಿಲ್ಲವೇ ಎಂದು. ಎಂಜಿನಿಯರುಗಳು ಬೇಕಾದಷ್ಟು ಇದ್ದಾರೆ. ಆದರೆ ನಮ್ಮಂಥ ಚಿಕ್ಕ ಸಂಘಗಳಲ್ಲಿ ವೈಫೈ ಪೆಟ್ಟಿಗೆಯನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿ ಹೋದವನು ಮತ್ತೆ ತಿರುಗಿ ಬರುವುದು ಅಪರೂಪ. ಆಮೇಲೆ ಅದನ್ನು ನೋಡಿಕೊಳ್ಳಬೇಕಾದವರು ನಾವೇ. ಮೇಲಾಗಿ ಈ ವಿಷಯವು ಎಂಜಿನಿಯರಿಂಗಿಗಿಂತ ಗುಮಾಸ್ತಗಿರಿಗೆ ಹತ್ತಿರವಾದುದು. ಅದನ್ನೇ ಇಂದು ನಿಮ್ಮ ಮುಂದೆ ಅರಿಕೆ ಮಾಡಬೇಕೆಂದಿದ್ದೇವೆ.

ಮೊದಲು ತೊಂದರೆ ಏನೆಂಬುದನ್ನು ಹೇಳೋಣ. ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಬಾಗಿಲು ತೆರೆದಾಗ ಬಂದವರೆಲ್ಲರ ಫೋನಿಗೂ ವೈಫೈ ಸಿಗುತ್ತದೆ. ಮಧ್ಯಾಹ್ನದವರೆಗೆ ತಕರಾರಿಲ್ಲ. ಸಂಜೆ ಐದರ ಮೇಲೆ, ಅಂಬತ್ತೂರಿನಿಂದಲೋ ಎಣ್ಣೂರಿನಿಂದಲೋ ಪಾಳಿ ಮುಗಿಸಿಕೊಂಡು ಬಂದವನು ಫೋನು ತೆಗೆದರೆ, ಐಪಿ ವಿಳಾಸ ಪಡೆಯಲಾಗುತ್ತಿದೆ ಎಂಬ ಸಾಲು ತೋರಿಸಿ ಚಕ್ರ ತಿರುಗುತ್ತಲೇ ಇರುತ್ತದೆ. ಪಾಸ್‌ವರ್ಡು ಸರಿಯಾಗಿದೆ. ಸಿಗ್ನಲ್ಲಿನ ಗೆರೆಗಳು ತುಂಬಿವೆ. ಪಕ್ಕದ ಕುರ್ಚಿಯವನು ಕ್ರಿಕೆಟ್ ನೋಡುತ್ತಿದ್ದಾನೆ. ಇವನಿಗೆ ಮಾತ್ರ ಇಲ್ಲ. ಈಚೆಗೆ ಒಬ್ಬ ಹುಡುಗ, ಅವನ ಹೆಸರು ಇಲ್ಲಿ ಬೇಡ, ದಿನದ ಡೇಟಾ ಮುಗಿದು ಇಲ್ಲಿಗೆ ಬಂದಿದ್ದ. ರಾತ್ರಿ ಹನ್ನೆರಡರೊಳಗೆ ಕೆಲಸದ ಅರ್ಜಿಗೆ ಪ್ರಮಾಣಪತ್ರದ ನಕಲು ಸೇರಿಸಬೇಕಿತ್ತು. ಒಂದು ಗಂಟೆ ಕಾದು, ಕೊನೆಗೆ ರಸ್ತೆಯಾಚೆಯ ಅಂಗಡಿಯಲ್ಲಿ ಹಣ ಕೊಟ್ಟು ಕಳುಹಿಸಿದ. ಉಚಿತ ವಾಚನಾಲಯವೆಂದು ಬೋರ್ಡು ಹಾಕಿಕೊಂಡವರಿಗೆ ಇದು ಶೋಭಿಸುವ ಸಂಗತಿಯಲ್ಲ.

ಇದಕ್ಕೆ ನಮ್ಮಲ್ಲಿ ಮೂರು ನಾಲ್ಕು ಕಾರಣಗಳನ್ನು ಹೇಳಿದವರುಂಟು. ಲೈನು ಕೆಟ್ಟಿದೆ ಎಂದರು. ಜನ ಹೆಚ್ಚಾಯಿತು, ಸದಸ್ಯರಲ್ಲದವರಿಗೆ ಪಾಸ್‌ವರ್ಡು ಕೊಡಬೇಡಿ ಎಂದರು. ಈ ಕೊನೆಯ ಮಾತು ನಮಗೆ ಹಿಡಿಸಲಿಲ್ಲ. ಊರಿನಿಂದ ನಿನ್ನೆ ಬಂದಿಳಿದವನು ಸದಸ್ಯನಾಗಿರುವುದು ಹೇಗೆ? ವಾಚನಾಲಯ ಬೇಕಾದುದು ಅವನಿಗೇ ಅಲ್ಲವೇ? ಆದುದರಿಂದ ಬಾಗಿಲು ಕಿರಿದು ಮಾಡುವ ಮೊದಲು ಒಳಗಿನ ಲೆಕ್ಕ ನೋಡೋಣವೆಂದು ಕುಳಿತೆವು.

ನಾವು ಗಿರಣಿಯ ಹಾಜರಿ ಪುಸ್ತಕದ ಮುಂದೆ ಕುಳಿತು ಅನ್ನ ತಿನ್ನುವವರು. ಆದುದರಿಂದ ನಮಗೆ ಗೊತ್ತಿರುವ ದಾರಿಯಿಂದಲೇ ಹೋಗುತ್ತೇವೆ. ಬಟ್ಟೆ ಗಿರಣಿಗಳಲ್ಲಿ ಬದಲಿ ಆಳು ಎಂಬ ಪದ್ಧತಿ ಇದ್ದುದು ನಿಮ್ಮಲ್ಲಿ ಹಿರಿಯರಿಗೆ ಗೊತ್ತು. 1996ರಲ್ಲಿ ಮುಚ್ಚಿದ ಪೆರಂಬೂರಿನ ಬಿನ್ನಿ ಗಿರಣಿಯ ಕಾಲವನ್ನು ಕಂಡವರಿಗಂತೂ ವಿವರಿಸಬೇಕಿಲ್ಲ. ಕೈಗಾರಿಕಾ ವಿವಾದಗಳ 1947ರ ಕಾಯ್ದೆಯಲ್ಲಿಯೂ ಬದಲಿ ಎಂಬ ಈ ಮಾತೇ ಸೇರಿತ್ತು. ಕಾಯಂ ಆಳು ಬಾರದ ದಿನ ಅವನ ಮಗ್ಗದ ಮುಂದೆ ನಿಲ್ಲುವವನು ಬದಲಿ. ಬೆಳಿಗ್ಗೆ ಗೇಟಿನ ಮುಂದೆ ಕಾಯುತ್ತಾನೆ. ಗುಮಾಸ್ತ ಪುಸ್ತಕ ನೋಡುತ್ತಾನೆ, ಖಾಲಿ ಇರುವ ಜಾಗದ ಬಿಲ್ಲೆಯನ್ನು ಆ ದಿನದ ಮಟ್ಟಿಗೆ ಅವನ ಕೈಗೆ ಕೊಡುತ್ತಾನೆ. ಸಂಜೆ ಬಿಲ್ಲೆ ಹಿಂದಕ್ಕೆ ಬರಬೇಕು. ಬಾರದಿದ್ದರೆ ಪುಸ್ತಕದಲ್ಲಿ ಆ ಜಾಗ ತುಂಬಿದಂತೆಯೇ ಉಳಿಯುತ್ತದೆ. ಮಗ್ಗ ಖಾಲಿ ನಿಂತಿದ್ದರೂ ಮರುದಿನ ಗೇಟಿನಲ್ಲಿ ಆಳು ಕಾಯುತ್ತಾನೆ.

ಜಾಲದಲ್ಲಿ ಈ ಗುಮಾಸ್ತನ ಹೆಸರು ಡಿಎಚ್‌ಸಿಪಿ. ಡೈನಮಿಕ್ ಹೋಸ್ಟ್ ಕಾನ್ಫಿಗರೇಷನ್ ಪ್ರೋಟೊಕಾಲ್ ಎಂಬುದರ ಮೊದಲಕ್ಷರಗಳು. ಇದರ ಮೊದಲ ನಿಯಮಾವಳಿ ಹೊರಬಿದ್ದುದು 1993ರ ಅಕ್ಟೋಬರಿನಲ್ಲಿ. ತಿದ್ದಿ ಬರೆದ ನಿಯಮಾವಳಿ 1997ರ ಮಾರ್ಚಿನದು. ಎರಡನ್ನೂ ಬರೆದವರು ಅಮೆರಿಕದ ಬಕ್ನೆಲ್ ವಿಶ್ವವಿದ್ಯಾನಿಲಯದ ರಾಲ್ಫ್ ಡ್ರೋಮ್ಸ್. ಅದಕ್ಕೂ ಹಿಂದೆ 1985ರಿಂದ ಬೂಟ್‌ಪಿ ಎಂಬ ಪದ್ಧತಿ ಇತ್ತು. ಅದರಲ್ಲಿ ಪ್ರತಿಯೊಂದು ಯಂತ್ರದ ಹೆಸರನ್ನೂ ನಂಬರನ್ನೂ ಮೊದಲೇ ಕೈಯಾರೆ ಬರೆದಿಡಬೇಕಾಗಿತ್ತು, ಅಂದರೆ ಕಾಯಂ ಆಳುಗಳು ಮಾತ್ರ. ಬಂದು ಹೋಗುವ ಬದಲಿಯವರಿಗೆ ಜಾಗ ಮಾಡಿಕೊಟ್ಟದ್ದೇ ಡಿಎಚ್‌ಸಿಪಿಯ ಹೆಚ್ಚುಗಾರಿಕೆ.

ಕೆಲಸ ನಡೆಯುವ ಕ್ರಮ ಹೀಗೆ. ಹೊಸ ಫೋನು ಕೋಣೆಯೊಳಗೆ ಬಂದಾಗ ಅದಕ್ಕೆ ಯಾರ ವಿಳಾಸವೂ ಗೊತ್ತಿಲ್ಲ. ಆದುದರಿಂದ ಎಲ್ಲರಿಗೂ ಕೇಳುವಂತೆ ಕೂಗುತ್ತದೆ: ಇಲ್ಲಿ ನಂಬರು ಕೊಡುವವರು ಯಾರಾದರೂ ಇದ್ದೀರಾ? ಪೆಟ್ಟಿಗೆಯೊಳಗಿನ ಗುಮಾಸ್ತ, ಇಂಥ ನಂಬರು ಇದೆ, ಬೇಕೇ ಎನ್ನುತ್ತಾನೆ. ಅದನ್ನೇ ಕೊಡಿ ಎಂದು ಫೋನು ಕೇಳುತ್ತದೆ. ಆಗಲಿ ಎಂದು ಗುಮಾಸ್ತ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ನಾಲ್ಕು ಮಾತಿನಲ್ಲಿ ವ್ಯವಹಾರ ಮುಗಿಯಿತು. ನಂಬರಿನ ಜೊತೆಗೆ ಹೊರಬಾಗಿಲು ಯಾವುದು, ಹೆಸರು ಹೇಳಿದರೆ ವಿಳಾಸ ಹುಡುಕಿಕೊಡುವವರು ಯಾರು, ಈ ನಂಬರು ಎಷ್ಟು ಹೊತ್ತಿನವರೆಗೆ ನಿನ್ನದು ಎಂಬ ಮೂರು ಸಂಗತಿಗಳನ್ನೂ ತಿಳಿಸುತ್ತಾನೆ. ಆ ಹೊತ್ತಿಗೆ ಲೀಸ್ ಎಂದು ಹೆಸರು. ನಮ್ಮ ಮಾತಿನಲ್ಲಿ ಗೇಣಿಯ ಅವಧಿ.

ಇನ್ನು ನಂಬರು ಎಂದರೇನು? 192.168.1.37 ಎಂಬುದನ್ನು ನೋಡಿದ್ದೀರಿ. ನಾಲ್ಕು ಅಂಕಿಗಳು, ಒಂದೊಂದೂ 0ಯಿಂದ 255ರೊಳಗೆ. ಯಂತ್ರಕ್ಕೆ ಇದು 32 ಬಿಟ್ಟುಗಳ ಒಂದೇ ಸಾಲು. ಪ್ರತಿ ಬಿಟ್ಟು ಸೊನ್ನೆ ಅಥವಾ ಒಂದು. ಈ ಸಾಲಿನ ಮುಂಭಾಗ ಬೀದಿಯ ಹೆಸರಿದ್ದಂತೆ, ಹಿಂಭಾಗ ಮನೆಯ ನಂಬರಿದ್ದಂತೆ. ಎಲ್ಲಿಯವರೆಗೆ ಬೀದಿ, ಎಲ್ಲಿಂದ ಮನೆ ಎಂಬುದನ್ನು ಹೇಳುವುದೇ ಮಾಸ್ಕ್. 255.255.255.0 ಎಂದು ಬರೆದಿದ್ದರೆ ಮೊದಲ 24 ಬಿಟ್ಟು ಬೀದಿಗೆ, ಉಳಿದ 8 ಬಿಟ್ಟು ಮನೆಗೆ. ಎಂಟು ಬಿಟ್ಟಿನಲ್ಲಿ 256 ನಂಬರು. ಮೊದಲನೆಯದು ಬೀದಿಯನ್ನೇ ಸೂಚಿಸುತ್ತದೆ, ಕೊನೆಯದು ಬೀದಿಯವರಿಗೆಲ್ಲ ಒಟ್ಟಿಗೆ ಕೂಗಿ ಹೇಳಲು. ಎರಡು ಕಳೆದರೆ 254. ಇಂಥ ಒಂದು ಬೀದಿಗೆ ಸಬ್‌ನೆಟ್ ಎನ್ನುತ್ತಾರೆ. ಬೀದಿಯ ಕಡೆಗೆ ಒಂದು ಬಿಟ್ಟು ಹೆಚ್ಚು ಕೊಟ್ಟು 25 ಮಾಡಿದರೆ ಮನೆಗಳು 126ಕ್ಕೆ ಇಳಿಯುತ್ತವೆ, 26 ಮಾಡಿದರೆ 62ಕ್ಕೆ. ಒಂದು ಕಡಿಮೆ ಮಾಡಿ 23 ಎಂದರೆ 510, 22 ಎಂದರೆ 1022. ಪ್ರತಿ ಹೆಜ್ಜೆಗೂ ಇಮ್ಮಡಿ ಇಲ್ಲವೇ ಅರ್ಧ. ನಡುವೆ 300 ಮನೆಯ ಬೀದಿ ಕೊಡಿ ಎಂದರೆ ಸಿಗದು.

ಹಿಂದೆ ಇಷ್ಟು ಸೌಕರ್ಯವೂ ಇರಲಿಲ್ಲ. 1981ರಲ್ಲಿ ಈ ನಂಬರುಗಳ ಪದ್ಧತಿ ನಿಂತಾಗ ಮೂರೇ ಅಳತೆ: ಒಂದರಲ್ಲಿ 256, ಇನ್ನೊಂದರಲ್ಲಿ 65,536, ಮೂರನೆಯದರಲ್ಲಿ 1,67,77,216. ಪಾವು ಸಾಲದೆಂದವನಿಗೆ ಖಂಡುಗವನ್ನೇ ಹೊರಿಸುವ ಅಂಗಡಿ. 500 ಯಂತ್ರವಿರುವ ಸಂಸ್ಥೆ 65,536 ನಂಬರು ಕಟ್ಟಿಕೊಂಡು ಹೋಯಿತು. ಮಿಕ್ಕವು ಉಪಯೋಗವಿಲ್ಲದೆ ಬಿದ್ದವು. 1985ರಲ್ಲಿ ಒಳಗೊಳಗೇ ಬೀದಿ ಒಡೆಯುವ ನಿಯಮವೂ, 1993ರಲ್ಲಿ ಬೇಕಾದ ಬಿಟ್ಟಿಗೆ ಗೆರೆ ಎಳೆಯುವ ನಿಯಮವೂ ಬಂದವು. ಅಷ್ಟು ಹೊತ್ತಿಗೆ ಬಹಳ ದಾನವಾಗಿಹೋಗಿತ್ತು.

ಈ ನಂಬರುಗಳ ಪುಸ್ತಕವನ್ನು ಬಹುಕಾಲ ಇಟ್ಟುಕೊಂಡಿದ್ದವರು ಜಾನ್ ಪೋಸ್ಟೆಲ್ ಎಂಬವರು, ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸಂಸ್ಥೆಯೊಂದರಲ್ಲಿ. ಲೋಕದ ಇಂಟರ್ನೆಟ್ಟಿಗೆ ಹಾಜರಿ ಗುಮಾಸ್ತರೆಂದರೆ ಅವರೇ. 1998ರ ಅಕ್ಟೋಬರ್ 16ರಂದು ತೀರಿಕೊಂಡರು. ಯಾವ ನಂಬರು ಯಾರಿಗೆ ಕೊಟ್ಟಿದೆ ಎಂದು ತಪ್ಪಿಲ್ಲದೆ ಬರೆದಿಡುವುದು ಸಣ್ಣ ಕೆಲಸವೆಂದು ಯಾರಾದರೂ ನಿಮಗೆ ಹೇಳಿದರೆ ಈ ಹೆಸರನ್ನು ಹೇಳಿ.

32 ಬಿಟ್ಟಿಗೆ ಒಟ್ಟು ಸಿಗುವುದು ಸುಮಾರು 429 ಕೋಟಿ ನಂಬರು. 2011ರ ಫೆಬ್ರವರಿ 3ರಂದು ಲೋಕದ ಕಣಜದಿಂದ ಕೊನೆಯ ಮೂಟೆಗಳನ್ನು ಖಂಡಗಳಿಗೆ ಹಂಚಿ ಮುಗಿಸಿದರು. ಏಷ್ಯದ ಪಾಲಿನ ಕಣಜ ಅದೇ ಏಪ್ರಿಲಿನಲ್ಲಿ ತಳ ಕಂಡಿತು. ನಮ್ಮ ದೇಶದಲ್ಲಿ ಇವನ್ನು ಹಂಚಲು 2012ರಿಂದ ಐಆರ್‌ಐಎನ್‌ಎನ್ ಎಂಬ ದಫ್ತರವಿದೆ. ಈ ಊರಿನ ಪಾಲಿಗೆ ಹೇಳುವುದಾದರೆ, 1986ರಲ್ಲಿ ಮೊದಲಾದ ಅರ್ನೆಟ್ ಜಾಲದ ಮೊದಲ ಎಂಟು ಸಂಸ್ಥೆಗಳಲ್ಲಿ ಇಲ್ಲಿಯ ಐಐಟಿ ಒಂದು. ಸಾರ್ವಜನಿಕರಿಗೆ ವಿಎಸ್‌ಎನ್‌ಎಲ್ ಇಂಟರ್ನೆಟ್ ಬಾಗಿಲು ತೆರೆದ 1995ರ ಆಗಸ್ಟಿನಲ್ಲಿ ಮೊದಲ ಊರುಗಳ ಸಾಲಿನಲ್ಲಿ ಮದರಾಸೂ ಇತ್ತು. ಮದರಾಸು ಚೆನ್ನೈ ಆದದ್ದು ಅದರ ಮರುವರ್ಷ.

ಹಾಗಾದರೆ ನಮ್ಮ ಕೋಣೆಯಲ್ಲಿ ನಂಬರು ಸಾಲದಿರುವುದೂ ಆ ಕ್ಷಾಮದ ಒಂದು ತುಣುಕೇ? ಅಲ್ಲ. ಇದನ್ನು ಚೆನ್ನಾಗಿ ಗಮನಿಸಬೇಕು. 1996ರ ಫೆಬ್ರವರಿಯ ನಿಯಮದಂತೆ ಮೂರು ರಾಶಿ ನಂಬರುಗಳನ್ನು ಒಳಮನೆಯ ಬಳಕೆಗೆಂದೇ ಬಿಟ್ಟಿದ್ದಾರೆ. 10ರಿಂದ ಮೊದಲಾಗುವ ಎಲ್ಲವೂ, 172.16ರಿಂದ 172.31ರವರೆಗೆ, 192.168ರಿಂದ ಮೊದಲಾಗುವವು. ಇವನ್ನು ಯಾರು ಬೇಕಾದರೂ ತಮ್ಮ ಗೋಡೆಯೊಳಗೆ ಬಳಸಬಹುದು. ಬಾಡಿಗೆಯಿಲ್ಲ, ಅಪ್ಪಣೆ ಬೇಡ. ಮೈಲಾಪುರದ ಮನೆಯಲ್ಲಿಯೂ 192.168.1.37 ಇರಬಹುದು, ನಮ್ಮಲ್ಲಿಯೂ ಇರಬಹುದು. ಹೊರಗೆ ಹೋಗುವಾಗ ಪೆಟ್ಟಿಗೆ ತನ್ನ ಒಂದು ಹೊರನಂಬರನ್ನು ಹಾಕಿ ಕಳುಹಿಸುತ್ತದೆ. ಆದುದರಿಂದ ಹೊರಗಿನ ಕ್ಷಾಮ ನಿಜ, ಆದರೆ ಕೋಣೆಯೊಳಗಿನದು ನಾವು ಬರೆದುಕೊಂಡ ಲೆಕ್ಕದಿಂದ ಬಂದದ್ದು. 128 ಬಿಟ್ಟಿನ ಹೊಸ ನಂಬರುಗಳು ಬಂದಿವೆ, ಫೋನು ಕಂಪೆನಿಗಳು ಅವನ್ನು ಧಾರಾಳವಾಗಿ ಬಳಸುತ್ತಿವೆ, ಅವುಗಳಲ್ಲಿ ಈ ಗೋಳೇ ಇಲ್ಲ. ಆದರೆ ನಮ್ಮ ಮುದ್ರಣಯಂತ್ರಕ್ಕೂ ಹಿಂದಿನ ಕೋಣೆಯ ಹಳೆಯ ಕಂಪ್ಯೂಟರುಗಳಿಗೂ ಹಳೆಯ ನಂಬರೇ ಗತಿ. ಅದನ್ನು ಇನ್ನೊಂದು ದಿನ ನೋಡೋಣ.

ಈಗ ನಮ್ಮ ಪೆಟ್ಟಿಗೆಯ ಪುಸ್ತಕ ತೆರೆಯುತ್ತೇವೆ. ಬೀದಿ 192.168.1, ಮನೆಗಳು 254. ಆದರೆ ಹಂಚಲು ಬಿಟ್ಟಿದ್ದ ಭಾಗ 100ರಿಂದ 199ರವರೆಗೆ, ಅಂದರೆ 100 ಮಾತ್ರ. ಬೀದಿಯಲ್ಲಿ ಹಂಚಲು ಬಿಟ್ಟ ಈ ಭಾಗಕ್ಕೇ ಸ್ಕೋಪ್ ಎನ್ನುತ್ತಾರೆ. ಸಬ್‌ನೆಟ್ ಮತ್ತು ಸ್ಕೋಪ್ ಒಂದೇ ಎಂದು ಭಾವಿಸುವವರು ಬಹಳ ಮಂದಿ. ಸಬ್‌ನೆಟ್ ಎಂದರೆ ಕಾಂಪೌಂಡು, ಸ್ಕೋಪ್ ಎಂದರೆ ಅದರೊಳಗೆ ಬಾಡಿಗೆಗೆ ಬಿಟ್ಟ ಮನೆಗಳು. ಗೇಣಿಯ ಅವಧಿ 24 ಗಂಟೆ ಎಂದಿತ್ತು. ಪೆಟ್ಟಿಗೆ ಕಾರ್ಖಾನೆಯಿಂದ ಹಾಗೆಯೇ ಬಂದದ್ದು, ತಂದವನು ಹಾಗೆಯೇ ಬಿಟ್ಟದ್ದು. ಒಂದು ಮನೆಗಾದರೆ ಇದೇ ಹೆಚ್ಚು.

ವಾಚನಾಲಯಕ್ಕೆ ಏನಾಗುತ್ತದೆ? ಲೆಕ್ಕಕ್ಕಾಗಿ ಬೆಳಿಗ್ಗೆ ಎಂಟರಿಂದ ಗಂಟೆಗೆ 12 ಫೋನು ಬರುತ್ತವೆ, ಒಬ್ಬೊಬ್ಬರು ಒಂದೊಂದು ಗಂಟೆ ಕುಳಿತು ಎದ್ದು ಹೋಗುತ್ತಾರೆ ಎಂದಿಟ್ಟುಕೊಳ್ಳಿ. ಫೋನು ಜೇಬಿನಲ್ಲಿಟ್ಟು ಬೀದಿಗೆ ಇಳಿದವನು ಬಿಲ್ಲೆ ಹಿಂದಿರುಗಿಸುವುದಿಲ್ಲ. ಹಿಂದಿರುಗಿಸುವ ಒಂದು ಮಾತು ನಿಯಮಾವಳಿಯಲ್ಲಿ ಇದೆ. ಆದರೆ ಅಲೆಯ ಹೊರಗೆ ನಡೆದುಹೋದ ಫೋನು ಅದನ್ನು ಹೇಳುವುದೆಲ್ಲಿಂದ? ಹೀಗೆ ಸಂಜೆ ನಾಲ್ಕೂವರೆಗೆ ಮುಂಚೆಯೇ ನೂರೂ ನಂಬರು ಮುಗಿದವು. ಆಗ ಕೋಣೆಯಲ್ಲಿ ಕುಳಿತಿರುವವರು 12 ಮಂದಿ. ಪುಸ್ತಕದಲ್ಲಿ ತುಂಬಿರುವುದು 100. ಎಂಬತ್ತೆಂಟು ಬಿಲ್ಲೆಗಳು ತಿರುವಲ್ಲಿಕ್ಕೇಣಿಯಲ್ಲಿಯೋ ತಾಂಬರದ ಲೋಕಲ್ ರೈಲಿನಲ್ಲಿಯೋ ತಿರುಗಾಡುತ್ತಿವೆ. ಐದು ಗಂಟೆಗೆ ಪಾಳಿ ಬಿಟ್ಟು ಬಂದವನು ಬಾಗಿಲಲ್ಲಿ ನಿಲ್ಲುತ್ತಾನೆ. ಯಾವಾಗಲೂ ಅವನೇ ನಿಲ್ಲುತ್ತಾನೆ, ಯಾಕೆಂದರೆ ಬೆಳಿಗ್ಗೆ ಬರುವ ಬಿಡುವು ಅವನಿಗಿಲ್ಲ.

ಪೆಟ್ಟಿಗೆಯನ್ನು ಆರಿಸಿ ಹೊತ್ತಿಸಿದರೆ ಸರಿಹೋಗುತ್ತದೆ ಎಂದು ಕೆಲವರು ಕಂಡುಕೊಂಡಿದ್ದಾರೆ. ಸರಿಹೋಗುವುದು ನಿಜ. ಕೆಲವು ಚಿಕ್ಕ ಪೆಟ್ಟಿಗೆಗಳು ವಿದ್ಯುತ್ ಹೋದರೆ ಹಾಜರಿ ಪುಸ್ತಕವನ್ನೇ ಮರೆತುಬಿಡುತ್ತವೆ, ಆದುದರಿಂದ ಎಲ್ಲ ಜಾಗವೂ ಖಾಲಿ ಕಾಣುತ್ತದೆ. ಆದರೆ ಹಿಂದಿನ ಕೋಣೆಯಲ್ಲಿ ತಂತಿಯಿಂದ ಬೇರೆ ಸ್ವಿಚ್ಚಿಗೆ ಕಟ್ಟಿದ ಕಂಪ್ಯೂಟರುಗಳಿಗೆ ಪೆಟ್ಟಿಗೆ ಆರಿದ್ದೇ ತಿಳಿಯದು. ಅವು ಹಳೆಯ ನಂಬರಿನಲ್ಲಿಯೇ ಕೆಲಸ ಮಾಡುತ್ತಿರುತ್ತವೆ. ಮರೆತ ಗುಮಾಸ್ತ ಅದೇ ನಂಬರನ್ನು ಹೊಸ ಫೋನಿಗೆ ಕೊಟ್ಟರೆ ಒಂದೇ ಮಗ್ಗಕ್ಕೆ ಇಬ್ಬರು ಆಳು. ಇಬ್ಬರದೂ ನಿಂತು ನಿಂತು ನಡೆಯುತ್ತದೆ, ಕಾರಣ ಯಾರಿಗೂ ಹೊಳೆಯದು. ಆದುದರಿಂದ ದಯವಿಟ್ಟು ಆ ಗುಂಡಿಯ ಮೇಲೆ ಕೈ ಹಾಕಬೇಡಿ.

ಗೇಣಿಯ ಅವಧಿ ಎಷ್ಟಿರಬೇಕೆಂಬುದೇ ಈ ವಿಷಯದ ತಿರುಳು. ಕಡಂದಲೆ ಕೃಷ್ಣರಾಯರ ವುಡ್‌ಲ್ಯಾಂಡ್ಸ್ ಡ್ರೈವ್‌ಇನ್ ಹೋಟೆಲು ಕೆಥೆಡ್ರಲ್ ರಸ್ತೆಯಲ್ಲಿ 1962ರಿಂದ 2008ರವರೆಗೆ ಇತ್ತು. ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಅಲ್ಲಿ ಮರದ ನೆರಳಲ್ಲಿ ಒಂದು ಕಾಫಿ ತರಿಸಿಕೊಂಡು ಅರ್ಧ ದಿನ ಕುಳಿತರೂ ಯಾರೂ ಎಬ್ಬಿಸುತ್ತಿರಲಿಲ್ಲವೆಂದು ಹಿರಿಯರು ಇಂದಿಗೂ ನೆನೆಯುತ್ತಾರೆ. ಜಾಗ ವಿಶಾಲವಾಗಿತ್ತು, ಸಾಗಿತು. ಅದೇ ಧಾರಾಳವನ್ನು ಹತ್ತು ಮೇಜಿನ ಊಟದ ಮನೆಯಲ್ಲಿ, ಒಂದು ಗಂಟೆ ಮಧ್ಯಾಹ್ನದಲ್ಲಿ ತೋರಿಸಲಾದೀತೇ? ಅಲ್ಲಿ ಉಣ್ಣುತ್ತಿರುವವನ ಬೆನ್ನ ಹಿಂದೆ ಮುಂದಿನವನು ನಿಂತಿರುತ್ತಾನೆ. ಮೈಕ್ರೋಸಾಫ್ಟಿನವರ ಸರ್ವರಿನಲ್ಲಿ ನಾವು ಏನೂ ಹೇಳದಿದ್ದರೆ ಗೇಣಿ 8 ದಿನ. ಅದೇ ಜನ ಅದೇ ಕುರ್ಚಿಗೆ ದಿನವೂ ಬರುವ ಕಛೇರಿಗೆ ಅದು ಒಪ್ಪುತ್ತದೆ. ನಮ್ಮಲ್ಲಿ ಹಾಗೆ ಬಿಟ್ಟರೆ ಈ ಭಾನುವಾರ ಬಂದವನ ಬಿಲ್ಲೆ ಮುಂದಿನ ಭಾನುವಾರವೂ ಅವನ ಹೆಸರಿನಲ್ಲಿಯೇ ಇದ್ದೀತು.

ಗೇಣಿ ಮುಗಿಯುವವರೆಗೆ ಫೋನು ಸುಮ್ಮನಿರುವುದಿಲ್ಲ. ಅವಧಿಯ ಅರ್ಧ ಕಳೆದಾಗ ಕೊಟ್ಟ ಗುಮಾಸ್ತನನ್ನೇ ಕೇಳಿ ನವೀಕರಿಸಿಕೊಳ್ಳುತ್ತದೆ. ಅವನು ಉತ್ತರ ಕೊಡದಿದ್ದರೆ ಎಂಟರಲ್ಲಿ ಏಳು ಭಾಗ ಕಳೆದಾಗ ಯಾರಾದರೂ ಕೊಡಿ ಎಂದು ಮತ್ತೆ ಕೂಗುತ್ತದೆ. ಆದುದರಿಂದ ಕುಳಿತಿರುವವನ ಕೈಯಿಂದ ನಂಬರು ಜಾರಿಹೋಗುವ ಭಯವಿಲ್ಲ. ಎದ್ದು ಹೋದವನದು ಮಾತ್ರ ಅವಧಿ ತೀರಿ ಹಿಂದಿರುಗುತ್ತದೆ. ಗೇಣಿ ಎರಡು ಗಂಟೆಯಾದರೆ ಎದ್ದು ಹೋದವನು ಹೆಚ್ಚೆಂದರೆ ಎರಡು ಗಂಟೆ, ಕಡಿಮೆಯೆಂದರೆ ಒಂದು ಗಂಟೆ ನಂಬರನ್ನು ತಡೆಹಿಡಿಯುತ್ತಾನೆ. ಸಂಜೆಯ ನೂಕುನುಗ್ಗಲಿನಲ್ಲಿ ಗಂಟೆಗೆ 40 ಫೋನು ಬಂದವೆನ್ನಿ. ಒಂದು ಗಂಟೆ ಕುಳಿತದ್ದು, ಎರಡು ಗಂಟೆ ತಡೆದದ್ದು, ಮೂರು ನಲವತ್ತು ನೂರಿಪ್ಪತ್ತು. ಕೆಲವರಲ್ಲಿ ಫೋನಿನ ಜೊತೆ ಲ್ಯಾಪ್‌ಟಾಪೂ ಇರುತ್ತದೆಂದು ಇನ್ನು 40 ಸೇರಿಸಿ, 160. ಇಷ್ಟು ನಂಬರು ಸ್ಕೋಪಿನಲ್ಲಿದ್ದರೆ ಕೊನೆಗೆ ಬಂದವನಿಗೂ ಸಿಗುತ್ತದೆ. ಬರುವವರ ವೇಗವನ್ನು, ಕುಳಿತ ಹೊತ್ತು ಮತ್ತು ಗೇಣಿಯ ಹೊತ್ತು ಎರಡನ್ನೂ ಕೂಡಿಸಿ ಗುಣಿಸಬೇಕು, ಇಷ್ಟೇ ಸೂತ್ರ. ಕುರ್ಚಿಗಳನ್ನು ಎಣಿಸಿ ನಂಬರು ಇಟ್ಟರೆ ಸಾಲದೆ ಹೋಗುವುದು ಇದರಿಂದಲೇ.

ಹಾಗಾದರೆ ಗೇಣಿಯನ್ನು ಐದು ನಿಮಿಷಕ್ಕೆ ಇಳಿಸಿಬಿಡಿ ಎಂದು ನಮ್ಮ ಸ್ನೇಹಿತರೊಬ್ಬರು ಸೂಚಿಸಿದರು. ಅದೂ ಹಿತವಲ್ಲ. ನಂಬರು ಹಂಚುವ ಸರ್ವರು ಬೇರೆಡೆ ಇದ್ದು ಮಳೆಗಾಲದಲ್ಲಿ ಅದರ ವಿದ್ಯುತ್ ಹೋದರೆ, ಐದು ನಿಮಿಷದೊಳಗೆ ಕೋಣೆಯವರೆಲ್ಲರ ನಂಬರೂ ತೀರಿಹೋಗುತ್ತದೆ. ಎರಡು ಗಂಟೆಯದಾಗಿದ್ದರೆ ಕನಿಷ್ಠ ಒಂದು ಗಂಟೆ ಸಾವರಿಸಿಕೊಳ್ಳಲು ಸಮಯ ಸಿಗುತ್ತದೆ.

ಇದಕ್ಕೆ ಈಚಿನ ಒಂದು ತೊಡಕು ಸೇರಿದೆ. ಗುಮಾಸ್ತ ಪುಸ್ತಕದಲ್ಲಿ ಫೋನನ್ನು ಗುರುತಿಸುವುದು ಮ್ಯಾಕ್ ಎಂಬ ಅದರ ಹುಟ್ಟುಗುರುತಿನಿಂದ. 2019ರ ಆಂಡ್ರಾಯ್ಡ್ 10ರಿಂದಲೂ, 2020ರ ಐಒಎಸ್ 14ರಿಂದಲೂ ಫೋನುಗಳು ಒಂದೊಂದು ಜಾಲಕ್ಕೆ ಒಂದೊಂದು ಕಲ್ಪಿತ ಗುರುತು ಹೇಳತೊಡಗಿವೆ. ಕೆಲವು ಅದನ್ನೂ ಕಾಲಕಾಲಕ್ಕೆ ಬದಲಿಸುತ್ತವೆ. ಬದಲಿ ಆಳು ಮಧ್ಯಾಹ್ನ ಬೇರೆ ಹೆಸರು ಹೇಳಿ ಇನ್ನೊಂದು ಬಿಲ್ಲೆ ಪಡೆದಂತೆ. ಹಳೆಯ ಹೆಸರಿನ ಬಿಲ್ಲೆ ಅವಧಿ ತೀರುವತನಕ ಹಾಗೆಯೇ. ಇದನ್ನು ನಿಲ್ಲಿಸಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಊರೂರು ಅಲೆದು ದುಡಿಯುವವನ ಹೆಜ್ಜೆಯನ್ನು ಅಂಗಡಿಯವರು ಎಣಿಸದಿರಲೆಂದು ಮಾಡಿದ ಏರ್ಪಾಟು ಅದು. ಗೇಣಿ ಚಿಕ್ಕದಾಗಿದ್ದರೆ ಅದರಿಂದ ಆಗುವ ನಷ್ಟವೂ ಚಿಕ್ಕದೇ.

ಇನ್ನು ಗೋಡೆಯ ಮಾತು. ಇಷ್ಟೆಲ್ಲ ಲೆಕ್ಕವೇಕೆ, ದೊಡ್ಡ ಬೀದಿಯನ್ನೇ ಮಾಡಿ ಎಂದು ಕೇಳಬಹುದು. ನಂಬರು ಪುಕ್ಕಟೆ ಎಂದು ನಾವೇ ಹೇಳಿದೆವು. ಆದರೆ ಬೀದಿ ದೊಡ್ಡದಾದಷ್ಟೂ ಕೂಗು ದೊಡ್ಡದು. ಒಬ್ಬ ಕೂಗಿದ್ದನ್ನು ಬೀದಿಯವರೆಲ್ಲ ಕೇಳಲೇಬೇಕು. ವೈಫೈಯಲ್ಲಿ ಇಂಥ ಕೂಗನ್ನು ದೂರದ ಮೂಲೆಯವನಿಗೂ ಕೇಳಲೆಂದು ನಿಧಾನ ವೇಗದಲ್ಲಿ ಕಳುಹಿಸುತ್ತಾರೆ. ಅಷ್ಟು ಹೊತ್ತು ಉಳಿದವರ ಕೆಲಸ ನಿಲ್ಲುತ್ತದೆ. ಸಾವಿರಾರು ಮನೆಯ ಬೀದಿ ಗದ್ದಲದಲ್ಲಿಯೇ ಮುಳುಗುತ್ತದೆ. 10ರಿಂದ ಮೊದಲಾಗುವ ರಾಶಿಯನ್ನೆಲ್ಲ ಬಳಸಿಕೊಂಡರೆ ಇನ್ನೊಂದು ಸಂಕಟ: ಅದೇ ನಂಬರುಗಳನ್ನು ಒಳಗೆ ಬಳಸುವ ಕಛೇರಿಗೆ ಇಲ್ಲಿಂದ ಸಂಪರ್ಕ ಮಾಡಬೇಕಾದ ಗುಮಾಸ್ತನಿಗೆ ದಾರಿ ತಪ್ಪುತ್ತದೆ. ನಂಬರು ಹೆಚ್ಚಿದರೆ ವೇಗ ಹೆಚ್ಚುತ್ತದೆಂಬ ಭ್ರಮೆಯೂ ಬೇಡ. ಬಿಲ್ಲೆ ಸಿಕ್ಕಿತೆಂದು ಗಿರಣಿಯಲ್ಲಿ ಮಗ್ಗಗಳು ಹೆಚ್ಚುವುದಿಲ್ಲ.

ನಿಜವಾಗಿಯೂ ಬೀದಿ ಹಿಗ್ಗಿಸಬೇಕಾಗಿ ಬಂದರೆ 24ರಿಂದ 23ಕ್ಕೆ ಬರಬೇಕು, ಮಾಸ್ಕ್ 255.255.254.0. ಇಲ್ಲಿ ಬಹಳ ಮಂದಿ ಎಡವುವ ಒಂದು ಜಾಗವಿದೆ. 192.168.1 ಇದ್ದುದನ್ನು ಇಮ್ಮಡಿ ಮಾಡಿದರೆ ಪಕ್ಕಕ್ಕೆ 192.168.2 ಸೇರುತ್ತದೆಂದು ಊಹಿಸುತ್ತಾರೆ. ಸೇರುವುದಿಲ್ಲ. ಜೋಡಿ ಯಾವಾಗಲೂ ಸಮಸಂಖ್ಯೆಯಿಂದ ಮೊದಲಾಗಬೇಕು. 0 ಮತ್ತು 1 ಒಂದು ಜೋಡಿ, 2 ಮತ್ತು 3 ಇನ್ನೊಂದು. ಆದುದರಿಂದ ನಮ್ಮ ಬೀದಿ ಹಿಂದಕ್ಕೆ ಬೆಳೆದು 192.168.0.0ಯಿಂದ 192.168.1.255ರವರೆಗೆ ಆಗುತ್ತದೆ. 22 ಮಾಡಿದರೆ ನಾಲ್ಕರಿಂದ ಭಾಗವಾಗುವ ಅಂಕಿಯಿಂದ ಆರಂಭ. ಕೈಯಾರೆ ನಂಬರು ಬರೆದಿಟ್ಟ ಮುದ್ರಣಯಂತ್ರದ ಮಾಸ್ಕನ್ನೂ ಅದೇ ದಿನ ತಿದ್ದಬೇಕು. ಇಲ್ಲದಿದ್ದರೆ ಅದು ಹೊಸದಾಗಿ ಸೇರಿದ ಅರ್ಧ ಬೀದಿಯನ್ನು ಪರವೂರೆಂದು ತಿಳಿಯುತ್ತದೆ.

ಸದ್ಯಕ್ಕೆ ಗೋಡೆ ಒಡೆಯುವ ಅಗತ್ಯ ನಮಗೆ ಕಾಣಲಿಲ್ಲ. ಇರುವ 254ರಲ್ಲಿಯೇ 1ರಿಂದ 49ರವರೆಗೆ ಪೆಟ್ಟಿಗೆ, ಮುದ್ರಣಯಂತ್ರ, ಹಿಂದಿನ ಕೋಣೆಯ ಕಂಪ್ಯೂಟರು ಮೊದಲಾದ ಕಾಯಂ ಆಳುಗಳಿಗೆ ಮೀಸಲಿಟ್ಟಿದ್ದೇವೆ. 50ರಿಂದ 249ರವರೆಗೆ 200 ನಂಬರು ಬದಲಿಯವರಿಗೆ. ಗೇಣಿ ಎರಡು ಗಂಟೆ. ಸಂಘದ ಹಣಕಾಸಿನ ಕಂಪ್ಯೂಟರು ಓದುಗರ ಬೀದಿಯಲ್ಲಿಯೇ ಇರುವುದು ನಮಗೆ ಸರಿಕಾಣುವುದಿಲ್ಲ. ಅದಕ್ಕೆ 30 ಮನೆಯ ಒಂದು ಪುಟ್ಟ ಬೀದಿಯನ್ನು ಬೇರೆ ಮಾಡಬೇಕೆಂದು ಸಮಿತಿಗೆ ಬಿನ್ನಹ ಮಾಡಿದ್ದೇವೆ. ಆಗ ಎರಡು ಬೀದಿಗೆ ಎರಡು ಸ್ಕೋಪು ಬೇಕು. ಕೂಗು ಬೀದಿಯ ಗೋಡೆ ದಾಟುವುದಿಲ್ಲವಾದುದರಿಂದ ನಡುವೆ ಅರ್ಜಿ ಮುಟ್ಟಿಸುವ ಒಬ್ಬ ಜವಾನನೂ ಬೇಕು. ಅವನಿಗೆ ರಿಲೇ ಎನ್ನುತ್ತಾರೆ. ಯಾವ ಬೀದಿಯಿಂದ ಅರ್ಜಿ ಬಂತೆಂದು ಅವನು ಬರೆದು ಕೊಡುತ್ತಾನೆ, ಗುಮಾಸ್ತ ಆ ಬೀದಿಯ ಪುಸ್ತಕ ತೆರೆಯುತ್ತಾನೆ. ಒಂದೇ ಪೆಟ್ಟಿಗೆಗೆ ಎರಡು ಬೀದಿಯಲ್ಲಿಯೂ ಕಿಟಕಿ ಇದ್ದರೆ ಜವಾನನ ಸಂಬಳ ಉಳಿಯಿತು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇವೆ. ಮನೆಯಲ್ಲಿ ಉಳಿದ ಹಳೆಯ ವೈಫೈ ಪೆಟ್ಟಿಗೆಯನ್ನು ವಾಚನಾಲಯಕ್ಕೆ ಉಪಕಾರವಾಗಲೆಂದು ತಂದು ಗೋಡೆಯ ಸಾಕೆಟ್ಟಿಗೆ ಚುಚ್ಚುವ ಸಜ್ಜನರಿದ್ದಾರೆ. ಅದರೊಳಗೂ ಒಬ್ಬ ಗುಮಾಸ್ತ ಕುಳಿತಿರುತ್ತಾನೆ. ಒಂದೇ ಗೇಟಿನಲ್ಲಿ ಇಬ್ಬರು ಗುಮಾಸ್ತರು ಬೇರೆ ಬೇರೆ ಪುಸ್ತಕದಿಂದ ಬಿಲ್ಲೆ ಕೊಟ್ಟರೆ ಏನಾಗುವುದೆಂದು ನಿಮಗೆ ಹೇಳಬೇಕಿಲ್ಲ. ತರುವುದಾದರೆ ಮೊದಲು ನಮಗೆ ತಿಳಿಸಿ, ಅದರ ಗುಮಾಸ್ತನಿಗೆ ರಜೆ ಕೊಟ್ಟು ಆಮೇಲೆ ಕಟ್ಟೋಣ.

ಬಾಗಿಲ ಬಳಿಯ ಮೇಜಿನ ಮೇಲೆ ಒಂದು ನೋಟುಪುಸ್ತಕ ಇಟ್ಟಿದ್ದೇವೆ. ನಂಬರು ಸಿಗದವರು ಬಂದ ಹೊತ್ತನ್ನೂ ಫೋನು ತೋರಿಸಿದ್ದನ್ನೂ ಅದರಲ್ಲಿ ಬರೆಯಬೇಕು. ಕಂಪ್ಯೂಟರಿನಲ್ಲಿ 169.254ರಿಂದ ಮೊದಲಾಗುವ ನಂಬರು ಕಂಡರೆ, ಗುಮಾಸ್ತನ ಉತ್ತರ ಬಾರದೆ ಯಂತ್ರ ತಾನೇ ಒಂದನ್ನು ಕಲ್ಪಿಸಿಕೊಂಡಿದೆ ಎಂದು ಅರ್ಥ. ಅದನ್ನೂ ಹಾಗೆಯೇ ಬರೆಯಿರಿ. ಕನ್ನಡ ಬರೆಯಲು ಬಾರದವರು ಯಾವ ಭಾಷೆಯಲ್ಲಿ ಬರೆದರೂ ಓದಿಕೊಳ್ಳುತ್ತೇವೆ. ನಾಲ್ಕು ಭಾನುವಾರ ಕಳೆದ ಮೇಲೆ ಆ ಪುಸ್ತಕವನ್ನೂ ಪೆಟ್ಟಿಗೆಯ ಪುಸ್ತಕವನ್ನೂ ಎದುರುಬದುರು ಇಟ್ಟು ನೋಡಿ, ಗೋಡೆ ಒಡೆಯಬೇಕೋ ಬೇಡವೋ ಎಂಬುದನ್ನು ಕಾರ್ಯಕಾರಿ ಸಮಿತಿಯ ಮುಂದೆ ಇಡುತ್ತೇವೆ.